ಅಕ್ಟೋಬರ್ 14 ಮತ್ತು ಗುಜರಿಗೆ ಹೊಂಟ ನಮ್ಮ ಕಂಪ್ಯೂಟರ್‌ಗಳು



ಇದು ಉದ್ದನೆಯ ಪೋಸ್ಟ್. ಚಹಾ ಕುಡಕೋತ ಓದ್ರಿ, ಆದ್ರ ಪೂರ್ತಿ ಓದ್ರಿ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲ್ಲೂಕಿನ ನಮ್ಮ ಓದುಕೋಣೆಗಳಲ್ಲಿರುವ ಹಳೆ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಿ, ಚಂದಾ ಎತ್ತಿ ಹೊಸವು ಕೊಳ್ಳೋಣ ಅನ್ನುವ ಮಾತು ನಮ್ಮ ಬಳಗದಲ್ಲಿ ನಡೆದದ. ನಾನು ಅದಕ್ಕೆ ವಿರೋಧ ಅದೀನಿ. ಕಾರಣ ಮೀಟಿಂಗಿನಲ್ಲಿ ಐದು ನಿಮಿಷದಾಗ ಹೇಳಲಿಕ್ಕೆ ಆಗಲಿಲ್ಲ. ಇಲ್ಲಿ ಹೇಳ್ತೀನಿ.

ಮೊದಲು ಆಗಿದ್ದೇನು ನೋಡ್ರಿ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಭದ್ರತಾ ಅಪ್‌ಡೇಟ್ ನಿಲ್ಲಿಸಿತು. ಕಂಪನಿಯ ಅಕೌಂಟ್ ಜೋಡಿಸಿದವರಿಗೆ ಇಲ್ಲವೇ ರೊಕ್ಕ ಕಟ್ಟಿದವರಿಗೆ ಇನ್ನೊಂದು ವರ್ಷ ಸಿಗ್ತದ, ಅಷ್ಟೇ. ವಿಂಡೋಸ್ 11 ಹಾಕೋಣ ಅಂದ್ರ ಅದಕ್ಕೆ ಟಿಪಿಎಂ 2.0 ಅನ್ನುವ ಚಿಪ್ ಇರಬೇಕು, ಕಂಪನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 2017ರ ನಂತರದ, ಎಂಟನೇ ತಲೆಮಾರಿನದು. ನಮ್ಮ ಓದುಕೋಣೆಗೆ ಬಂದವು ಯಾವು? ಯಾವುದೋ ಆಫೀಸು ಹತ್ತು ವರ್ಷ ಬಳಸಿ ಬಿಟ್ಟವು, ನಮ್ಮ ನೌಕರ ಬಂಧುಗಳು ಮನೆಯಿಂದ ತಂದು ಕೊಟ್ಟವು. ಅವುಗಳ ಮೈ ಗಟ್ಟಿ ಅದ. ಕೀಬೋರ್ಡ್ ನಡೀತದ, ಪರದೆ ಬೆಳಗ್ತದ. ಆದರೂ ಅವು ಈಗ "ಅನರ್ಹ".

ಗಟ್ಟಿಮುಟ್ಟಾಗಿ ದುಡಿಯುವ ಮೈಗೆ ಹುಟ್ಟಿದ ವರ್ಷ ನೋಡಿ ಅನರ್ಹ ಅನ್ನುವ ಮುದ್ರೆ. ಹುಟ್ಟು ನೋಡಿ ಯೋಗ್ಯತೆ ಅಳೆಯುವ ಪದ್ಧತಿ ನಮಗೆ ಹೊಸದೇನಲ್ಲ.

ಇನ್ನು ಆ ದಿನಾಂಕ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮ ದೀಕ್ಷೆ ತಗೊಂಡರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ಹುಚ್ಚ ನಾನಲ್ಲ. ಆದರೆ ದಿನಾಂಕ ಹಂಗ ಕೂಡಿ ಬಂದಾಗ ಆ ದಿನದ ಪಾಠ ನೆನಪಾಗದೇ ಇರೋದಿಲ್ಲ. ಒಳಗೆ ಬಿಟ್ಟುಕೊಳ್ಳದ ಮನೆಯ ಬಾಗಿಲಲ್ಲಿ ಎಷ್ಟು ದಿನ ನಿಲ್ಲಬೇಕು? ಬೇರೆ ಮನೆ ಇದ್ದಾಗ?

ಬೇರೆ ಮನೆ ಅದ. ಅದರ ಹೆಸರು ಮುಕ್ತ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅಮೆರಿಕದಲ್ಲಿ ಗ್ನೂ ಯೋಜನೆ ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಕುಂತರು. ಎರಡೂ ಕೂಡಿ ಒಂದು ಪೂರ್ಣ ಆಪರೇಟಿಂಗ್ ಸಿಸ್ಟಮ್ ಆಯಿತು. ಅದರ ನಿಯಮ ನಾಲ್ಕೇ: ಯಾವ ಕೆಲಸಕ್ಕೆ ಬೇಕಾದರೂ ಬಳಸು, ಒಳಗೆ ಹೆಂಗ ನಡೀತದ ನೋಡು, ಬೇಕಾದಂಗ ತಿದ್ದು, ತಿದ್ದಿದ್ದನ್ನೂ ತಿದ್ದದ್ದನ್ನೂ ಹಂಚು.

ಇದನ್ನ ನಮ್ಮ ಓದುಕೋಣೆಗಳಿಗೆ ಹಾಕೋಣ ಅಂದಾಗ ನಮ್ಮ ಚಳವಳಿಯ ಹಿರಿಯರೊಬ್ಬರು ಮೂರು ಆಕ್ಷೇಪ ಎತ್ತಿದರು. ಅವರ ಮೇಲೆ ನನಗೆ ಬಹಳ ಗೌರವ. ಅವರು ಜೈಲು ನೋಡಿದವರು, ನಾನು ಆಫೀಸಿನಲ್ಲಿ ಫೈಲು ನೋಡುವ ಕ್ಲರ್ಕು. ಆದರೂ ಮಾತಿಗೆ ಮಾತು ಕೊಡಲೇಬೇಕು.

ಮೊದಲನೇ ಆಕ್ಷೇಪ: "ತಮ್ಮಾ, ಇದೆಲ್ಲಾ ಪ್ರಯೋಗ. ನಮ್ಮ ಹುಡುಗರ ಮ್ಯಾಲೆ ಪ್ರಯೋಗ ಮಾಡಬ್ಯಾಡ."

ಅಣ್ಣಾ, ಪ್ರಯೋಗ ಅನ್ನೋದು ಯಾವುದು, ಪಳಗಿದ್ದು ಯಾವುದು ಅನ್ನೋದನ್ನ ನಾವು ಕೈಯಾರೆ ನೋಡೀವಿ. ನಾಲ್ಕು ಭಾನುವಾರ ಐದು ಜನ ಹುಡುಗ-ಹುಡುಗಿಯರ ಜೊತೆ ಕುಂತು ಆರು ಹಳೆ ಲ್ಯಾಪ್‌ಟಾಪಿನ ಮೇಲೆ ಹಾಕಿ ನೋಡಿದೆವು. ಒಂದಕ್ಕೆ ರಿಯಾಕ್ಟ್‌ಓಎಸ್. ಇದು ಲಿನಕ್ಸ್ ಅಲ್ಲ. ವಿಂಡೋಸಿನ ತಂತ್ರಾಂಶಗಳನ್ನು ವಿಂಡೋಸ್ ಇಲ್ಲದೇ ನಡೆಸಬೇಕು ಅನ್ನುವ ಹಟದಿಂದ 1990ರ ದಶಕದಿಂದ ಕಟ್ಟುತ್ತಿರುವ ಸಿಸ್ಟಮ್. ಇವತ್ತಿಗೂ ಆಲ್ಫಾ ಹಂತದಲ್ಲೇ ಅದ; ದಿನದ ಕೆಲಸಕ್ಕೆ ಬಳಸಬ್ಯಾಡ್ರಿ ಅಂತ ಕಟ್ಟಿದವರೇ ಹೇಳ್ತಾರ. ಪರದೆ ಬಂತು, ನೆಟ್ ಬರಲಿಲ್ಲ. ಇನ್ನೊಂದಕ್ಕೆ ಹೈಕು. 2001ರಲ್ಲಿ ಶುರುವಾದ ಇದು ಈಗ ಬೀಟಾ ಹಂತದಲ್ಲಿ ಅದ. ಬಹಳ ಹಗುರ, ಕಣ್ಣು ಮುಚ್ಚಿ ತೆಗೆಯೋದರಾಗ ಏಳ್ತದ. ಆದರೆ ಫೈಲಿಗೆ "ಅಂಬೇಡ್ಕರ್" ಅಂತ ಕನ್ನಡದಲ್ಲಿ ಹೆಸರಿಟ್ಟರೆ ಒತ್ತಕ್ಷರ ಸರಿಯಾಗಿ ಕೂಡಲಿಲ್ಲ. ಉಳಿದ ನಾಲ್ಕಕ್ಕೆ ಡೆಬಿಯನ್ ಲಿನಕ್ಸ್. ವೈಫೈ, ಪ್ರಿಂಟರ್, ಕನ್ನಡ, ವಿಡಿಯೋ ಎಲ್ಲಾ ನಡೀತದ. ಒಂದರ ವೈಫೈಗೆ ಮಾತ್ರ ಬೇರೆ ಡ್ರೈವರ್ ಹುಡುಕಿ ಹಾಕಬೇಕಾಯ್ತು.

ಅಂದ್ರ ಮೊದಲ ಎರಡು ನಿಜವಾಗಿಯೂ ಪ್ರಯೋಗ. ಅವನ್ನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗನ ಮುಂದೆ ಇಡಬೇಕು ಅಂತ ನಾನು ಹೇಳೋದಿಲ್ಲ. ಡೆಬಿಯನ್ ಪ್ರಯೋಗ ಅಲ್ಲ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸಿನ ಮೇಲೇ ನಡೀತಾವ. ಈ ಪೋಸ್ಟನ್ನ ನೀವು ಆಂಡ್ರಾಯ್ಡ್ ಫೋನಿನಲ್ಲಿ ಓದ್ತಿದ್ರ ಅದರ ಹೊಟ್ಟೆಯೊಳಗೂ ಲಿನಕ್ಸೇ ಅದ. ನಮ್ಮ ಹುಡುಗರ ಕಿಸೆಯಲ್ಲಿ ಅದು ಬಂದು ಎಷ್ಟೋ ವರ್ಷ ಆಯ್ತು. ಓದುಕೋಣೆಗೆ ಬಂದಾಗ ಮಾತ್ರ ಪ್ರಯೋಗ ಹೆಂಗಾಗ್ತದ?

ಆದರೆ ಆ ಹೈಕು ತೋರಿಸಿದ ಒಡೆದ ಒತ್ತಕ್ಷರ ನನ್ನ ತಲೆಯಿಂದ ಹೋಗಿಲ್ಲ. ಅದು ಯಾಕೆ ಒಡೀತು? ಕಟ್ಟಿದವರು ನಮ್ಮ ವೈರಿಗಳು ಅಂತಲ್ಲ. ಅವರ ಮೇಜಿನ ಮುಂದೆ ಕನ್ನಡದಲ್ಲಿ ಟೈಪ್ ಮಾಡುವವರು ಯಾರೂ ಕುಂತಿರಲಿಲ್ಲ, ಅದಕ್ಕ. ಪ್ರಯೋಗದ ಹಂತದಲ್ಲಿ ಇಲ್ಲದವನ ಅಕ್ಷರ, ಪೂರ್ತಿಯಾದ ಮೇಲೂ ಇರೋದಿಲ್ಲ. ಊರು ಕಟ್ಟುವಾಗ ಕರೆಯದೇ, ಕಟ್ಟಿದ ಮೇಲೆ "ನಿಮ್ಮದು ಕೇರಿ, ಹೊರಗೆ ಇರ್ರಿ" ಅಂದದ್ದು ಗೊತ್ತಲ್ಲ? ಹಂಗೇ ಇದು. ನಮ್ಮ ಮೇಲೆ ಪ್ರಯೋಗ ಆಗೋದಕ್ಕೆ ನಾನೂ ವಿರೋಧ. ಪ್ರಯೋಗ ಮಾಡುವವರ ಸಾಲಿನಲ್ಲಿ ನಮ್ಮ ಮಕ್ಕಳು ನಿಲ್ಲಬೇಕು ಅನ್ನೋದು ಬೇರೆ ಮಾತು. ಅದಕ್ಕೇ ಆ ಎರಡು ಯಂತ್ರಗಳನ್ನ ಹಂಗೇ ಇಟ್ಟೀವಿ. ಬಿ.ಎಸ್ಸಿ ಓದುವ ಒಬ್ಬ ಮಗಳು ಆ ಒತ್ತಕ್ಷರದ ತಪ್ಪನ್ನ ಚಿತ್ರ ಸಮೇತ ಬರೆದು ಕಳಿಸುವ ತಯಾರಿಯಲ್ಲಿ ಅದಾಳ. ಕಂಪನಿಯ ಮುಚ್ಚಿದ ಸಿಸ್ಟಮಿನಲ್ಲಿ ದೂರು ಕೊಟ್ಟವಳು ಗಿರಾಕಿ. ಇಲ್ಲಿ ತಪ್ಪು ತೋರಿಸಿದವಳು ಕಟ್ಟುವವರ ಪೈಕಿ ಒಬ್ಬಳು.

ಎರಡನೇ ಆಕ್ಷೇಪ: "ಮೇಲ್ಜಾತಿ ಹುಡುಗರಿಗೆ ಸಿಗೋದೇ ನಮ್ಮವರಿಗೂ ಸಿಗಬೇಕು. ಅವರಿಗೆ ವಿಂಡೋಸು, ನಮಗೆ ಪುಕ್ಕಟೆದ್ದು ಯಾಕ?"

ಈ ಮಾತಿನ ಹಿಂದಿನ ನೋವು ನನಗೆ ಗೊತ್ತದ. ಪುಕ್ಕಟೆ ಅಂದ ಕೂಡಲೇ ನಮಗೆ ಉಳಿದ ಅನ್ನ, ಹರಿದ ಸೀರೆ ನೆನಪಾಗ್ತದ. ಆದರೆ ಈಗ ನಮ್ಮಲ್ಲಿರೋದು ಏನು? ಕದ್ದ ವಿಂಡೋಸು. ನಮ್ಮ ಕಡೆ ಯಾವ ಪೇಟೆಯ ಅಂಗಡಿಗೆ ಹೋಗಿ "ಫಾರ್ಮ್ಯಾಟ್ ಮಾಡ್ರಿ" ಅಂದ್ರೂ ನಾಲ್ಕುನೂರು-ಐದುನೂರು ರೂಪಾಯಿ ತಗೊಂಡು ಹಾಕಿಕೊಡೋದು ಅದೇ. ಮೂಲೆಯಲ್ಲಿ "ಆಕ್ಟಿವೇಟ್ ಮಾಡಿ" ಅನ್ನುವ ಅಕ್ಷರ ಯಾವಾಗಲೂ ಮಿನುಗ್ತಿರ್ತದ, ಹೊಸ್ತಿಲ ಹೊರಗೆ ನಿಂತವನಿಗೆ "ನೀ ಯಾರು, ಯಾಕ ಬಂದಿ" ಅಂದಂಗ. ಆರು ತಿಂಗಳಿಗೊಮ್ಮೆ ವೈರಸ್, ಮತ್ತೆ ಐದುನೂರು. ಅದರಲ್ಲೇ ನಮ್ಮ ಮಕ್ಕಳ ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು. ಇದು ಸಮಾನತೆ ಏನ್ರಿ?

ನಮಗೆ ಬೇಕಾದ ಸಮಾನತೆ ಗಿರಾಕಿಯ ಸಮಾನತೆ ಅಲ್ಲ, ಒಡೆತನದ ಸಮಾನತೆ. ಲಿನಕ್ಸ್ ಯಾರೂ ಕೊಟ್ಟ ದಾನ ಅಲ್ಲ. ಅದನ್ನ ತಗೊಳ್ಳಾಕ ಯಾರ ಮುಂದೂ ಕೈ ಒಡ್ಡಬೇಕಿಲ್ಲ, ಯಾರ ಫೋಟೋನೂ ಓದುಕೋಣೆಯ ಗೋಡೆಗೆ ಹಾಕಬೇಕಿಲ್ಲ.

ಇದನ್ನ ಸಾಲಿಯಲ್ಲಿ ಮಾಡಿ ತೋರಿಸಿದ ರಾಜ್ಯ ಪಕ್ಕದಲ್ಲೇ ಅದ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿತು, ಆಮೇಲೆ ಸರ್ಕಾರಿ ಸಾಲಿಗಳನ್ನು ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಂದಿತು. 2019ರಲ್ಲಿ ಅಲ್ಲಿನ ಕೈಟ್ ಸಂಸ್ಥೆ ಸಾಲಿಗಳಿಗಾಗಿಯೇ ತಯಾರಿಸಿದ ಲಿನಕ್ಸನ್ನು ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹಾಕುತ್ತೇವೆ, ಲೈಸನ್ಸಿನ ಸುಮಾರು 3,000 ಕೋಟಿ ರೂಪಾಯಿ ಉಳೀತದ ಅಂತ ಹೇಳಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯೋದೂ ಅದರ ಮೇಲೇ. ಅಂದ್ರ ಕಾಸರಗೋಡಿನ ಕನ್ನಡದ ಹುಡುಗಿಗೆ ಆಗೋದು, ಆಳಂದದ ಕನ್ನಡದ ಹುಡುಗಿಗೆ ಯಾಕಾಗೋದಿಲ್ಲ?

ನಮ್ಮ ಸರ್ಕಾರ ಏನು ಮಾಡಿತು? ಮಾಹಿತಿ ಸಿಂಧು ಅಂತ ಹೆಸರಿಟ್ಟು ಪ್ರೌಢಶಾಲೆಯ ಕಂಪ್ಯೂಟರ್ ಪಾಠವನ್ನೇ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಆಮೇಲೆ ಡಿಎಸ್‌ಇಆರ್‌ಟಿಯ ಶಿಕ್ಷಕರ ತರಬೇತಿಯಲ್ಲಿ ಉಬುಂಟು ಬಂದಿತ್ತು, ಕನ್ನಡದಲ್ಲಿ ಮುಕ್ತ ಪಾಠ ಸಾಮಗ್ರಿ ಕಟ್ಟುವ ಕೆಲಸವೂ ನಡೀತು. ಒಳ್ಳೆ ಕೆಲಸ ಅದು. ಆದರೆ ಕೇರಳದಂತೆ ಇಡೀ ರಾಜ್ಯದ ನೀತಿ ಆಗಲಿಲ್ಲ. ಕೇಂದ್ರ ಸರ್ಕಾರ 2015ರಲ್ಲೇ ತನ್ನ ಕಚೇರಿಗಳಿಗೆ ಮುಕ್ತ ತಂತ್ರಾಂಶವೇ ಮೊದಲ ಆಯ್ಕೆ ಅಂತ ನೀತಿ ಹೊರಡಿಸಿತು. ಸಿಡ್ಯಾಕ್ ಕಟ್ಟಿದ ಬಾಸ್ ಲಿನಕ್ಸ್ 2007ರಿಂದ ಅದ. ಕಾಗದದ ಮೇಲೆ ಎಲ್ಲಾ ಅದ.

ಕಾಗದದ ಮೇಲೆ ಚವದಾರ್ ಕೆರೆನೂ ತೆರೆದೇ ಇತ್ತು, ಮರೀಬ್ಯಾಡ್ರಿ. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಬೋಳೆಯವರ ಠರಾವು ಪಾಸಾಯಿತು. ಮಹಾಡದ ಪುರಸಭೆ 1924ರಲ್ಲಿ ಕೆರೆ ಎಲ್ಲರಿಗೂ ಮುಕ್ತ ಅಂತ ಬರೆದುಕೊಂಡಿತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತುವ ತನಕ ಆ ಕೆರೆ ಮುಕ್ತ ಆಗಿರಲಿಲ್ಲ. ಕುಡಿದ ಮೇಲೆ ಸವರ್ಣೀಯರು ಕೆರೆಯನ್ನ "ಶುದ್ಧ" ಮಾಡಿಕೊಂಡರು. ಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ಕ್ಕೆ. ಮುಕ್ತ ಅಂತ ಬರೆದ ಮಾತ್ರಕ್ಕೆ ಯಾವುದೂ ಮುಕ್ತ ಆಗೋದಿಲ್ಲ. ಮುಕ್ತ ತಂತ್ರಾಂಶಕ್ಕೂ ಇದೇ ಲಾಗೂ. ಹೋಗಿ ಕುಡೀಬೇಕು.

ಮೂರನೇ ಆಕ್ಷೇಪ: "ಇದು ಬೆಂಗಳೂರಿನ ಮೇಲ್ಜಾತಿ ಇಂಜಿನಿಯರುಗಳ ಹುಚ್ಚು. ನಮಗೇನು ಸಂಬಂಧ?"

ಇದರಲ್ಲಿ ಅರ್ಧ ಸತ್ಯ ಅದ, ಒಪ್ಪತೀನಿ. ಕೋಡ್ ಬರೆಯುವ ಲೋಕದಲ್ಲಿ ಜಾತಿ ಇಲ್ಲ ಅನ್ನುವವರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೇ ಉತ್ತರ ಕೊಟ್ಟದ. ದಲಿತ ಇಂಜಿನಿಯರ್ ಒಬ್ಬರಿಗೆ ಜಾತಿ ತಾರತಮ್ಯ ಆಯಿತು ಅಂತ 2020ರ ಜೂನಿನಲ್ಲಿ ಸಿಸ್ಕೋ ಕಂಪನಿಯ ಮೇಲೆ ಅದು ದಾವೆ ಹೂಡಿತು. ಇಬ್ಬರು ಮೇಲಧಿಕಾರಿಗಳ ಮೇಲಿನ ಆರೋಪವನ್ನು 2023ರಲ್ಲಿ ವಾಪಸ್ ತಗೊಂಡಿತು, ಕಂಪನಿ ಮೇಲಿನ ದಾವೆ ಬಿಡಲಿಲ್ಲ. ಅದೇ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು. ಹಳೆ ಹಾರ್ಡ್‌ಡಿಸ್ಕಿನ ಮೇಲೆ "ಮಾಸ್ಟರ್", "ಸ್ಲೇವ್" ಅಂತ ಬರೆದದ್ದನ್ನ ನಮ್ಮ ಹುಡುಗರು ಓದಿ ನಕ್ಕರು: "ಅಣ್ಣಾ, ಇಲ್ಲೂ ಗೌಡ್ರು-ಜೀತದಾಳು ಅದಾರ!" ಮುಕ್ತ ತಂತ್ರಾಂಶದವರೂ ಜಾತಿಯಿಂದ ಮುಕ್ತರಲ್ಲ. ಏನಾದ್ರೂ ಕೇಳಿದ್ರ "ಮೊದಲು ಕೈಪಿಡಿ ಓದಿ ಬಾ" ಅಂತ ಇಂಗ್ಲಿಷಿನಲ್ಲಿ ಗದರಿಸುವ ಗುರುಗಳು ಅಲ್ಲೂ ಅದಾರ. ಆದರೆ ಒಂದು ವ್ಯತ್ಯಾಸ ಅದ. ಆ ಕೈಪಿಡಿ ಮುಚ್ಚಿಟ್ಟಿಲ್ಲ. ವೇದ ಕೇಳಿದರೆ ಕಿವಿಗೆ ಸೀಸ ಸುರಿ ಅಂದ ಪರಂಪರೆಯ ದೇಶದಲ್ಲಿ, ಯಾರು ಬೇಕಾದರೂ ಒಳಗಿನ ಬರಹ ಓದಬಹುದು ಅನ್ನುವ ಲೈಸನ್ಸು ಸಣ್ಣ ಮಾತಲ್ಲ.

ಸಂಬಂಧ ಏನು ಅಂತ ಕೇಳಿದ್ರಲ್ಲ, ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಹದಿನೈದು ವರ್ಷಕ್ಕೂ ಹಿಂದೆಯೇ ಒಂದು ಕೇಂದ್ರ ಶುರುವಾಯಿತು. ಹೆಸರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್. ಮುಕ್ತ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಮತ್ತು ಅಲ್ಲಿನ ಜನ ಕೂಡಿ, ಬೇರೆಯವರು ಬಿಟ್ಟ ಹಳೆ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಮಕ್ಕಳಿಗೆ ಕಲಿಸಿದರು. ಆ ಮಕ್ಕಳು ಗಿಂಪ್ ಅನ್ನುವ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬಿಡಿಸಿದರು. ಬಾಬಾಸಾಹೇಬರ ಹೆಸರಿನ ಓದುಕೋಣೆಯಲ್ಲಿ ಲಿನಕ್ಸ್ ಹಾಕೋದಕ್ಕೆ ನಾವು ಮೊದಲಿಗರಲ್ಲ. ತಡವಾಗಿ ಬಂದವರು.

ಇನ್ನು ಯಾರೂ ಎತ್ತದ ಒಂದು ಮಾತು. ಈ ಆರೇಳು ಯಂತ್ರ ಗುಜರಿಗೆ ಹಾಕ್ರಿ ಅಂತೀರಿ. ಗುಜರಿ ಅಂದ್ರ ಎಲ್ಲಿಗೆ? ಇ-ತ್ಯಾಜ್ಯಕ್ಕೆ 2022ರ ನಿಯಮಗಳು ಅದಾವ, 2023ರ ಏಪ್ರಿಲ್‌ನಿಂದ ಜಾರಿನೂ ಆಗ್ಯಾವ. ಆದರೂ ದಿಲ್ಲಿಯ ಸೀಲಂಪುರದಂಥ ಕಡೆ ಬರಿಗೈಯಲ್ಲಿ ಯಂತ್ರ ಒಡೆದು, ವೈರ್ ಸುಟ್ಟು, ಆಸಿಡ್‌ನಲ್ಲಿ ಬೋರ್ಡ್ ಅದ್ದಿ ತಾಮ್ರ ತೆಗೆಯುವವರು ಬಡ ಮುಸ್ಲಿಮರು, ದಲಿತರು, ಅವರ ಮಕ್ಕಳು. ಒಂದು ಕಂಪನಿ "ಇದು ಇನ್ನು ಕಸ" ಅಂತ ದಿನಾಂಕ ಬರೀತದ. ಕಸ ಎತ್ತುವ ಕೈ ಮಾತ್ರ ಯಾವಾಗಲೂ ನಮ್ಮದೇ. ಕಸ ಅಲ್ಲದ್ದನ್ನ ಕಸ ಅನ್ನೋದಕ್ಕೆ ನಾವೇ ಸಹಿ ಹಾಕೋದು ಬ್ಯಾಡ್ರಿ.

ಈಗ ತೊಂದರೆಗಳು. ಮುಚ್ಚಿಡೋದಿಲ್ಲ.

ದೊಡ್ಡ ತೊಂದರೆ ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿಗೆ ಮಾಡಿದ್ದು. ಅದರ ಹಳೆ ಫಾಂಟಿನಲ್ಲಿ ಬರೆದ ಕಡತ ಬೇರೆ ಕಡೆ ತೆರೆದರೆ ಗೀಚಿದಂಗ ಕಾಣ್ತದ, ಯಾಕಂದ್ರ ಅದರೊಳಗೆ ಇರೋದು ಕನ್ನಡ ಅಕ್ಷರಗಳ ಸಂಕೇತವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚೂರುಗಳು. ಯುನಿಕೋಡಿಗೆ ಬದಲಿಸಿಕೊಂಡರೆ ಈ ಗೋಳು ಮುಗೀತದ. ಟೈಪ್ ಮಾಡೋದಕ್ಕೆ ಚಿಂತೆ ಇಲ್ಲ: ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಲಿನಕ್ಸಿನಲ್ಲಿ "ಕಗಪ" ಅನ್ನುವ ಹೆಸರಿನಲ್ಲಿ ಅದ. ನುಡಿ ಕಲಿತ ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ನಾನು ಈ ಪೋಸ್ಟ್ ಟೈಪ್ ಮಾಡಿದ್ದೂ ಅದರಲ್ಲೇ. ಗುಬ್ಬಿ, ನವಿಲು ಅಂತ ಮುಕ್ತ ಕನ್ನಡ ಫಾಂಟ್‌ಗಳೂ ಅದಾವ.

ಎರಡನೆಯದು, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಕೆಲಸ. ಇವುಗಳ ತಂತ್ರಾಂಶ ಬಹಳಷ್ಟು ವಿಂಡೋಸಿಗೇ ಅಂತ ಬರ್ತದ. ಅದಕ್ಕೆ ಒಂದು ಯಂತ್ರ ವಿಂಡೋಸಿನಲ್ಲೇ ಇರಲಿ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಅರ್ಜಿ, ಹಾಲ್ ಟಿಕೆಟ್ ಎಲ್ಲಾ ಬ್ರೌಸರಿನಲ್ಲೇ ಆಗ್ತಾವ, ಲಿನಕ್ಸಿನಲ್ಲೂ ಆಗ್ತಾವ. ಮೂರನೆಯದು, ಕೆಲಸದ ಸಂದರ್ಶನದಲ್ಲಿ "ಎಕ್ಸೆಲ್ ಬರ್ತದೇನು" ಅಂತ ಕೇಳ್ತಾರ. ಲಿಬ್ರೆ ಆಫೀಸಿನಲ್ಲಿ ಲೆಕ್ಕದ ಹಾಳೆ ಕಲಿತವರಿಗೆ ಎಕ್ಸೆಲ್ ಅರ್ಥ ಆಗಲಿಕ್ಕೆ ಎರಡು ದಿನ ಸಾಕು. ಆ ಎರಡು ದಿನಕ್ಕೂ ಆ ಒಂದು ವಿಂಡೋಸ್ ಯಂತ್ರ ಅದ.

ಹಾಕೋದು ಹೆಂಗ? ಬಹಳ ಜನ ಕೇಳೀರಿ, ಚುಟುಕಾಗಿ ಹೇಳ್ತೀನಿ. 8 ಜಿಬಿಯ ಒಂದು ಪೆನ್‌ಡ್ರೈವ್ ಬೇಕು. ಲಿನಕ್ಸಿನ ಫೈಲನ್ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ರಿ, ಪರಿಚಯದವರು ಕಳಿಸಿದ ಲಿಂಕಿನಿಂದ ಬ್ಯಾಡ. ರೂಫಸ್ ಅಥವಾ ಎಚರ್ ಅನ್ನುವ ತಂತ್ರಾಂಶದಿಂದ ಅದನ್ನ ಪೆನ್‌ಡ್ರೈವಿಗೆ ಬರೀರಿ. ಯಂತ್ರ ಚಾಲೂ ಮಾಡುವಾಗ ಎಫ್12 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸ್ರಿ. ಕಂಪನಿಗೊಂದು ಕೀಲಿ ಇರ್ತದ. "ಲೈವ್" ಅಂತ ಆರಿಸಿದರೆ ಏನನ್ನೂ ಅಳಿಸದೇ ಮೊದಲು ನಡೆಸಿ ನೋಡಬಹುದು. ವೈಫೈ, ಸೌಂಡ್, ಪರದೆ ಎಲ್ಲಾ ಸರಿ ಅದಾವ ಅಂತ ನೋಡಿದ ಮೇಲೇ ಹಾಕ್ರಿ. ಹಾಕೋ ಮುಂಚೆ ಹಳೆ ಫೋಟೋ, ದಾಖಲೆ ಎಲ್ಲಾ ಬೇರೆ ಕಡೆ ಕಾಪಿ ಮಾಡ್ರಿ. "ಇಡೀ ಡಿಸ್ಕ್ ಅಳಿಸು" ಅಂದ್ರ ಅದು ನಿಜವಾಗಿಯೂ ಅಳಿಸ್ತದ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಪರದೆ ಆರಿಸ್ರಿ. ಹಳೆ ಹಾರ್ಡ್‌ಡಿಸ್ಕ್ ತೆಗೆದು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಯಂತ್ರನೂ ಓಡ್ತದ. ಚಂದಾ ಎತ್ತೋದಿದ್ರ ಅದಕ್ಕ ಎತ್ರಿ.

ಕೊನೆಗೆ ನಮ್ಮ ಬೇಡಿಕೆ. ಬಳಗದ ಮುಂದಿನ ಮೀಟಿಂಗಿನಲ್ಲಿ ಠರಾವು ಮಾಡೋಣ ಅಂತ ಕೇಳಿಕೊಳ್ತೀನಿ.

ಒಂದು: ಮೂರೂ ತಾಲ್ಲೂಕಿನ ನಮ್ಮ ಯಾವ ಓದುಕೋಣೆಯ ಯಂತ್ರನೂ ಪರೀಕ್ಷೆ ಮಾಡದೇ ಗುಜರಿಗೆ ಹೋಗಬಾರದು.

ಎರಡು: ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ ಲ್ಯಾಪ್‌ಟಾಪ್, ಕಂಪ್ಯೂಟರ್ ಕೊಳ್ಳುವಾಗ ಲೈಸನ್ಸಿಗೆ ಎಷ್ಟು ಹೋಯಿತು, ಮಕ್ಕಳ ಕೈಗೆ ಎಷ್ಟು ಬಂತು ಅನ್ನುವ ಲೆಕ್ಕ ಸಮಾಜ ಕಲ್ಯಾಣ ಇಲಾಖೆ ಬಿಚ್ಚಿ ಹೇಳಬೇಕು. 2013ರ ಕಾಯ್ದೆಯ 7ಡಿ ತೆಗೆಸಲಿಕ್ಕೆ ಬೀದಿಗೆ ಇಳಿದವರು ನಾವು. ನಮ್ಮ ದುಡ್ಡು ಬೇರೆ ಕಡೆ ಹರಿಯೋದನ್ನ ಗುರುತಿಸೋದು ನಮಗೆ ಯಾರೂ ಕಲಿಸಬೇಕಿಲ್ಲ.

ಮೂರು: ನಮ್ಮ ಹಾಸ್ಟೆಲುಗಳಲ್ಲಿ, ವಸತಿ ಶಾಲೆಗಳಲ್ಲಿ ಕೇರಳದ ಮಾದರಿ ಬರಬೇಕು. ಸರ್ಕಾರದ ಪ್ರತಿ ನಮೂನೆ, ಆದೇಶ, ಸುತ್ತೋಲೆ ಯುನಿಕೋಡ್ ಕನ್ನಡದಲ್ಲಿ, ಯಾವ ಸಿಸ್ಟಮಿನಲ್ಲಾದರೂ ತೆರೆಯುವ ರೂಪದಲ್ಲಿ ಇರಬೇಕು. 371ಜೆ ಕೊಟ್ಟೀವಿ ಅಂತ ಹೇಳುವ ಸರ್ಕಾರ ಕಲ್ಯಾಣ ಕರ್ನಾಟಕದಿಂದಲೇ ಇದನ್ನ ಶುರು ಮಾಡಲಿ. ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಅದ. ಅಲ್ಲಿ ಓದುವ ನಮ್ಮ ವಿದ್ಯಾರ್ಥಿಗಳೂ ತಿಂಗಳಿಗೊಂದು ಭಾನುವಾರ ಕೊಡಲಿ.

ನಾಲ್ಕು: ಪ್ರತಿ ಓದುಕೋಣೆಯಲ್ಲಿ ಒಂದು ಯಂತ್ರ ಪ್ರಯೋಗಕ್ಕೇ ಮೀಸಲು. ಅದರ ಮುಂದೆ ಹೆಣ್ಣುಮಕ್ಕಳಿಗೆ ಮೊದಲ ಜಾಗ. ಕೆಡಿಸಲಿ, ಬಿಚ್ಚಲಿ, ಮತ್ತೆ ಹಾಕಲಿ. ಕೆಟ್ಟರೆ ಬೈಯುವ ಧಣಿ ಅಲ್ಲಿ ಯಾರೂ ಇಲ್ಲ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ನಾವು ಗೋಡೆಗಳ ಮೇಲೆ ಬರೀತೀವಿ. ಆ ಗೋಡೆಯ ಕೆಳಗೇ ಇರುವ ಯಂತ್ರದಲ್ಲಿ ಕದ್ದ ವಿಂಡೋಸ್ ಇಟ್ಟುಕೊಂಡು, ಅದೂ ಕೆಟ್ಟಾಗ ಚಂದಾ ಪಟ್ಟಿ ಹಿಡಿದು ಶ್ರೀಮಂತರ ಬಾಗಿಲಿಗೆ ಹೋಗೋದು ನನಗೆ ಒಪ್ಪಿಗೆ ಇಲ್ಲ. ಒಪ್ಪದವರು ಕಮೆಂಟಿನಲ್ಲಿ ಜಗಳ ಮಾಡ್ರಿ, ಉತ್ತರ ಕೊಡ್ತೀನಿ. ಒಪ್ಪಿದವರು ಬರೋ ಭಾನುವಾರ ನಿಮ್ಮ ಮನೆಯ ಅಟ್ಟದ ಮೇಲಿನ ಹಳೆ ಲ್ಯಾಪ್‌ಟಾಪ್ ಇಳಿಸಿ ಧೂಳು ಝಾಡಿಸಿ ತಗೊಂಡು ಬರ್ರಿ. ಚಾರ್ಜರ್ ಮರೀಬ್ಯಾಡ್ರಿ.

ಜೈ ಭೀಮ್.